ತೋರಿಸಲು ನಾಚುವ ಜಾಗದ ಸೋರಿಯಾಸಿಸ್: ನಮ್ಮ ಮನೆಯ ಮೂವರ ಕಥೆ

ಸೋರಿಯಾಸಿಸ್ ಅಂದರೆ ಮೊಣಕೈ, ಮೊಣಕಾಲಿನ ಮೇಲೆ ಬೆಳ್ಳಿ ಬಣ್ಣದ ಹೊಟ್ಟು ಏಳುವ ಕಾಯಿಲೆ ಅಂತಷ್ಟೇ ನನಗೆ ಗೊತ್ತಿತ್ತು. ತೊಡೆಸಂದಿಯಲ್ಲಿ, ಗುಪ್ತಾಂಗದ ಮೇಲೆ ಕೂಡ ಅದು ಬರುತ್ತದೆ, ಅಲ್ಲಿ ಬಂದಾಗ ಹೊಟ್ಟು ಕಾಣುವುದೇ ಅಪರೂಪ ಅಂತ ಯಾರೂ ಹೇಳಿರಲಿಲ್ಲ. ಹೇಳುವಂಥ ವಿಷಯವೂ ಅಲ್ವಲ್ಲ. ಈಗ ನಮ್ಮ ಮನೆಯಲ್ಲೇ ಮೂವರದ್ದು ನೋಡಿಯಾಯಿತು. ನನ್ನದು ನಲವತ್ತರ ಆಸುಪಾಸು. ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ. ತಮ್ಮನ ಮಗುವಿಗೆ ಇನ್ನೂ ವರ್ಷ ತುಂಬಿಲ್ಲ. ಮೂವರಿಗೂ ಕಾಯಿಲೆಗೆ ಹೆಸರು ಸಿಗಲು ಬೇಕಾದ ಸಮಯವೇ ಮದ್ದಿಗಿಂತ ದೊಡ್ಡ ಕಷ್ಟ ಆಯಿತು. ಬರೆಯುವ ಮೊದಲು ಅಪ್ಪಯ್ಯನನ್ನು ಕೇಳಿದೆ. "ಬರಿ, ಆದ್ರೆ ಊರ ಹೆಸರು ಹಾಕಡ" ಅಂದರು. ಹಾಗಾಗಿ ಕುಮಟಾ ಕಡೆಯ ಒಂದು ಹಳ್ಳಿ ಅಂತ ಇಟ್ಟುಕೊಳ್ಳಿ. ತವರು ಶಿರಸಿ ಕಡೆ.

ಶುರುವಾದದ್ದು ಮಳೆಗಾಲದಲ್ಲಿ. ಕರಾವಳಿಯಲ್ಲಿ ಜೂನ್ ಬಂತೆಂದರೆ ಸಂದಿ ತುರಿಕೆ ಯಾರಿಗೆ ಬರುವುದಿಲ್ಲ ಹೇಳಿ. ಬಟ್ಟೆ ಒಣಗುವುದಿಲ್ಲ, ಮೈ ಬೆವರು ಆರುವುದಿಲ್ಲ. ಗಜಕರ್ಣ, ಹುಳಕಡ್ಡಿ ಅಂತ ಒಂದೊಂದು ಮನೆಯಲ್ಲಿ ಒಬ್ಬೊಬ್ಬರು ಕೆರೆದುಕೊಳ್ಳುತ್ತಲೇ ಇರುತ್ತಾರೆ. ನನಗೂ ಅದೇ ಅಂದುಕೊಂಡರು ಎಲ್ಲರೂ. ಆದರೆ ಇದು ಎರಡೂ ಬದಿಗೆ ಒಂದೇ ಸಮ ಇತ್ತು. ಕೆಂಪಗೆ, ನುಣ್ಣಗೆ, ಹೊಳೆಯುವ ಹಾಗೆ. ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಸಂದಿಯಿಂದ ಯೋನಿಯ ಹೊರಭಾಗದ ತನಕ ಹಬ್ಬಿತ್ತು. ತುರಿಕೆಗಿಂತ ಉರಿ ಜಾಸ್ತಿ. ಮೂತ್ರ ತಾಗಿದರೆ ಕಣ್ಣಲ್ಲಿ ನೀರು. ನಾನು ಸೊಸೈಟಿಯಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಕುರ್ಚಿಯ ಮೇಲೆ ಕೂರಬೇಕು. ಮಧ್ಯಾಹ್ನದ ಹೊತ್ತಿಗೆ ಒಂದು ಬದಿಗೆ ವಾಲಿ ಕೂರುತ್ತಿದ್ದೆ. ಬೆನ್ನುನೋವು ಅಂತ ಸುಳ್ಳು ಹೇಳಿದ್ದೂ ಉಂಟು.

ಅತ್ತೆ ಮುರುಗಲ ತುಪ್ಪ ಕೊಟ್ಟರು. ಹಿಮ್ಮಡಿ ಒಡೆದರೆ ಅದೇ ಮದ್ದಲ್ವಾ ನಮಗೆ. ಹಚ್ಚಿದಾಗ ಉರಿ ತುಸು ಕಮ್ಮಿಯಾಗುತ್ತಿತ್ತು, ಕೆಂಪು ಹೋಗಲಿಲ್ಲ.

ಮೆಡಿಕಲ್ ಶಾಪಿನಲ್ಲಿ "ಸಂದಿಗೆ ಹಚ್ಚುವ ಮುಲಾಮು" ಅಂತ ಕೇಳಿದರೆ ಚೀಟಿ ಇಲ್ಲದೆ ಒಂದು ಟ್ಯೂಬು ಬರುತ್ತದೆ. ನೂರು ರೂಪಾಯಿಯ ಒಳಗೆ. ಅರ್ಧ ಊರಿನ ಕಪಾಟಿನಲ್ಲಿ ಅದು ಇದೆ. ಫಂಗಸ್ ಮದ್ದು, ಬ್ಯಾಕ್ಟೀರಿಯಾ ಮದ್ದು, ಅದರ ಜೊತೆಗೆ ಕ್ಲೋಬೆಟಾಸಾಲ್ ಎನ್ನುವ ಭಾರೀ ಸ್ಟಿರಾಯ್ಡ್. ಎಲ್ಲ ಒಂದರಲ್ಲೇ. ಎರಡು ದಿನದಲ್ಲಿ ಜಾದೂ ಮಾಡಿದ ಹಾಗೆ ಕೆಂಪು ಇಳಿಯಿತು. ನಿಲ್ಲಿಸಿದ ಮೇಲೆ ಮೊದಲಿಗಿಂತ ಹೆಚ್ಚಾಗಿ ಬಂತು. ಮತ್ತೆ ಹಚ್ಚು, ಮತ್ತೆ ಇಳಿ, ಮತ್ತೆ ಬಾ. 2018ರಲ್ಲೇ ಸರ್ಕಾರ ಇಂಥ ಹಚ್ಚುವ ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಬೇಕಾದ ಪಟ್ಟಿಗೆ ಸೇರಿಸಿದೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಕೌಂಟರಿನಲ್ಲಿ ಯಾರೂ ಚೀಟಿ ಕೇಳಲಿಲ್ಲ.

ಟ್ಯೂಬು ಕೈಕೊಟ್ಟ ಮೇಲೆ ಹೆಣ್ಣುಮಕ್ಕಳ ಡಾಕ್ಟರ ಹತ್ತಿರ ಹೋದೆ. ಅಲ್ಲಿ ತೊಂದರೆ ಎಂದರೆ ಅಲ್ಲಿಗೇ ಹೋಗುವುದಲ್ವಾ. ನಾನು ವಿವರ ಹೇಳಿದೆ, ಅವರು ಕೇಳಿದರು, ಬರೆದರು. ಪರೀಕ್ಷೆಯ ಮೇಜಿನ ಮೇಲೆ ಮಲಗಿಸಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಒಳಗೆ ಇಡುವ ಮಾತ್ರೆ, ನುಂಗುವ ಫಂಗಸ್ ಮಾತ್ರೆ, ಜೊತೆಗೆ "ಗಂಡನಿಗೂ ಕೊಡಿ" ಅಂತ ಇನ್ನೊಂದು ಸಾಲು. ಸಕ್ಕರೆ ಪರೀಕ್ಷೆ, ಮೂತ್ರ ಪರೀಕ್ಷೆ ಎರಡೂ ಸರಿ ಇದ್ದವು. ಬಿಳಿ ಸೆರಗು ನನಗೆ ಇರಲೇ ಇಲ್ಲ. ಆದರೂ ಕೋರ್ಸ್ ಮುಗಿಸಿದೆ.

ಆ ಒಂದು ಸಾಲು ಮನೆಯಲ್ಲಿ ಮಾಡಿದ ಗಲಾಟೆ ಹೇಳತೀರದು. ಜಗಳ ಅಂತ ಅಲ್ಲ, ಅದಕ್ಕಿಂತ ಕೆಟ್ಟದ್ದು. ಇವರು ಮಾತ್ರೆ ನುಂಗಿದರು, ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇವರು ಕೆಲಸದ ಮೇಲೆ ಹುಬ್ಬಳ್ಳಿ, ಗೋವಾ ಅಂತ ಓಡಾಡುವವರು. ತಲೆಯಲ್ಲಿ ಬರಬಾರದ್ದೆಲ್ಲ ಬಂತು. ಇವರ ತಲೆಯಲ್ಲಿ ಏನು ಬಂತೋ. ಹಲವು ವಾರ ಬೇರೆ ಬೇರೆ ಕೋಣೆಯಲ್ಲಿ ಮಲಗಿದೆವು. ಈಗ ಇದನ್ನು ಓದುತ್ತಿರುವವರ ಮನೆಯಲ್ಲೂ ಗಂಡ ಹೆಂಡತಿಯ ನಡುವೆ ಇಂಥದ್ದೇ ಸಂಶಯ ಇದ್ದರೆ ಇಷ್ಟು ತಿಳಿದುಕೊಳ್ಳಿ: ಸೋರಿಯಾಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಕೂಡಿದರೂ ಇಲ್ಲ, ಒಂದೇ ಟವೆಲ್ ಬಳಸಿದರೂ ಇಲ್ಲ. ನಮ್ಮದೇ ಮೈಯ ರಕ್ಷಣಾ ವ್ಯವಸ್ಥೆ ಚರ್ಮವನ್ನು ಬೇಕಾದ್ದಕ್ಕಿಂತ ಬೇಗ ಬೇಗ ಬೆಳೆಸುತ್ತದೆ, ಅಷ್ಟೆ. ಸಂದಿಯಲ್ಲಿ ಒದ್ದೆ ಇರುವುದರಿಂದ ಹೊಟ್ಟು ನಿಲ್ಲುವುದಿಲ್ಲ, ಕೆಂಪು ಮಾತ್ರ ಉಳಿಯುತ್ತದೆ. ಅದಕ್ಕೇ ಫಂಗಸ್ ಅಂತ ಎಲ್ಲರೂ ಮೋಸ ಹೋಗುತ್ತಾರೆ.

ಚರ್ಮದ ಡಾಕ್ಟರಿಗೆ ತೋರಿಸು ಅಂದದ್ದು ಆಯಿ, ಅಂದರೆ ನನ್ನ ಅಮ್ಮ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು. "ಡಾಕ್ಟ್ರಿಗೆ ತೋರ್ಸಲೆ ನಾಚ್ಕೆ ಎಂತದೇ ಕೂಸೆ" ಅಂದರು. ನಾಚಿಕೆ ಡಾಕ್ಟರದ್ದಾಗಿರಲಿಲ್ಲ. ಬೋರ್ಡಿನದ್ದು. ನಮ್ಮ ದೇಶದಲ್ಲಿ ಚರ್ಮ, ಲೈಂಗಿಕ ರೋಗ, ಕುಷ್ಠ ಮೂರೂ ಒಂದೇ ವಿಭಾಗ, ಓದುವ ಡಿಗ್ರಿಯೂ ಒಂದೇ. ಹಾಗಾಗಿ ಬೋರ್ಡಿನ ಮೇಲೆ "ಚರ್ಮ ಹಾಗೂ ಲೈಂಗಿಕ ರೋಗ ತಜ್ಞರು" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಸೊಸೈಟಿಯಲ್ಲಿ ಸಾಲ ತೆಗೆದ ಅರ್ಧ ಮಂದಿ ಓಡಾಡುವ ಪೇಟೆಯಲ್ಲಿ ಆ ಬೋರ್ಡಿನ ಕೆಳಗಿನ ಬೆಂಚಿನ ಮೇಲೆ ನಾನು ಕೂರಬೇಕಲ್ಲ. ಅದಕ್ಕೇ ಕಾರವಾರಕ್ಕೆ ಹೋಗುವುದು ಅಂತ ತೀರ್ಮಾನ ಮಾಡಿದೆ. ಕುಮಟಾದಿಂದ ಸುಮಾರು 70 ಕಿ.ಮೀ. ಅಲ್ಲಿ ನನ್ನ ಗುರುತಿನವರು ಕಮ್ಮಿ.

ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ಖರ್ಚಿಲ್ಲ, ಆಧಾರ್ ಇದ್ದರೆ ಸಾಕು. ಆಸ್ಪತ್ರೆಗೂ ಅದೇ ಆಧಾರ್, ಜೊತೆಗೆ ಪಡಿತರ ಚೀಟಿ ಇಟ್ಟುಕೊಳ್ಳಿ. ಹಳೆಯ ಚೀಟಿ, ರಿಪೋರ್ಟು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ, ಮಳೆ ನಮ್ಮದು. ಎಲ್ಲಕ್ಕಿಂತ ಮುಖ್ಯವಾದದ್ದು ಹಚ್ಚಿದ ಟ್ಯೂಬುಗಳು. ಖಾಲಿಯಾದದ್ದಾದರೂ ಸರಿ, ತೆಗೆದುಕೊಂಡು ಹೋಗಿ. "ಏನೋ ಬಿಳಿ ಮುಲಾಮು" ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಆ ಜಾಗದ ಫೋಟೋ ತೆಗೆದುಕೊಳ್ಳಲು ಮುಜುಗರ ಆಗುತ್ತದೆ, ಆದರೂ ಜೋರಿದ್ದಾಗ ಒಂದು ತೆಗೆದಿಡಿ. ಆಸ್ಪತ್ರೆಗೆ ಹೋದ ದಿನವೇ ಕೆಂಪು ಕಮ್ಮಿ ಇರುತ್ತದೆ, ಇದೊಂದು ವಿಚಿತ್ರ. ಇನ್ನೊಂದು. ಚೀಟಿ ಮಾಡಿಸುವ ಕೌಂಟರಿನಲ್ಲಿ "ಎಂತ ತೊಂದರೆ" ಅಂತ ಗಟ್ಟಿಯಾಗಿ ಕೇಳುತ್ತಾರೆ. "ಸ್ಕಿನ್" ಅಂದರೆ ಸಾಕು. ಅದಕ್ಕಿಂತ ಹೆಚ್ಚು ಅಲ್ಲಿ ಹೇಳಬೇಕಾಗಿಲ್ಲ.

ಪಾಳಿ ಬರುವ ಹೊತ್ತಿಗೆ ಊಟದ ಸಮಯ ಆಗಿತ್ತು. ನೋಡಿದವರು ಹೆಂಗಸು ಡಾಕ್ಟರು, ನನ್ನ ಪುಣ್ಯ. ಗಂಡಸು ಡಾಕ್ಟರಿದ್ದರೂ ನರ್ಸ್ ಒಬ್ಬರು ಒಳಗಿರಲಿ ಅಂತ ಕೇಳುವ ಹಕ್ಕು ನಮಗಿದೆ. ಕಲಿಯುವ ಹುಡುಗ ಹುಡುಗಿಯರು ಜೊತೆಗಿದ್ದರೆ, ಕಮ್ಮಿ ಜನ ಇರಲಿ ಅಂತಲೂ ಹೇಳಬಹುದು. ನಾನು ಹೇಳಿದೆ. ಪರದೆ ಎಳೆದರು.

ನನಗೆ ಆಶ್ಚರ್ಯ ಆದದ್ದು ಅವರು ನೋಡಿದ ಕ್ರಮ. ಮೊದಲು ಉಗುರು ನೋಡಿದರು. ನನ್ನ ಎರಡು ಬೆರಳಿನ ಉಗುರಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳಿದ್ದವು, ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಆಮೇಲೆ ತಲೆ, ಕಿವಿಯ ಹಿಂದೆ, ಹೊಕ್ಕುಳು, ಸ್ತನದ ಕೆಳಗೆ, ಕುಂಡೆಗಳ ನಡುವಿನ ಗೆರೆ. ಕೊನೆಗೆ ಆ ಜಾಗ. ಕಿವಿಯ ಹಿಂದೆ ಸ್ವಲ್ಪ ಹೊಟ್ಟು ಇತ್ತು. ಮನೆಯಲ್ಲಿ ಯಾರಿಗಾದರೂ ಇದೆಯಾ ಅಂತ ಕೇಳಿದರು. ಅಪ್ಪಯ್ಯನಿಗೆ ತಲೆ ಹೊಟ್ಟು ವಿಪರೀತ, ಉಗುರು ದಪ್ಪ ಅಂತ ಹೇಳಿದೆ. ಗಂಟು ನೋವು? ಅದೂ ಇದೆ. ಅವರು ಬರೆದುಕೊಂಡರು. ಸೋರಿಯಾಸಿಸ್ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಒಂದಲ್ಲ ಒಂದು ಕಾಲದಲ್ಲಿ ಗುಪ್ತಾಂಗದಲ್ಲಿ ಬರಬಹುದಂತೆ. ಅಲ್ಲಿ ಮಾತ್ರ ಬರುವವರು ಬಹಳ ಕಮ್ಮಿ. ಹಾಗಾಗಿ ಬೇರೆ ಕಡೆ ಸಾಕ್ಷಿ ಹುಡುಕುವುದೇ ಅರ್ಧ ಪತ್ತೆ ಕೆಲಸ.

ಆದರೂ ಅವತ್ತು ಸೋರಿಯಾಸಿಸ್ ಅಂತ ಬರೆದುಕೊಡಲಿಲ್ಲ. ಚರ್ಮವನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ನೋವಿಲ್ಲ, ಫಲಿತಾಂಶವೂ ಬೇಗ ಬರುತ್ತದೆ. ಫಂಗಸ್ ಕಾಣಲಿಲ್ಲ. "ನೀವು ಹಚ್ಚಿದ ಟ್ಯೂಬಿನಲ್ಲಿ ಫಂಗಸ್ ಮದ್ದೂ ಇದೆ. ಅದಕ್ಕೇ ಇದನ್ನು ಈಗ ಪೂರ್ತಿ ನಂಬುವ ಹಾಗಿಲ್ಲ. ಎಲ್ಲ ನಿಲ್ಲಿಸಿ, ಎರಡು ವಾರ ಬಿಟ್ಟು ಬನ್ನಿ" ಅಂದರು. ನೇರಳೆ ಬೆಳಕಿನ ಒಂದು ದೀಪ ಹಿಡಿದೂ ನೋಡಿದರು. ಸಂದಿಯಲ್ಲಿ ಬರುವ ಒಂದು ಬ್ಯಾಕ್ಟೀರಿಯಾ ಸೋಂಕು ಆ ಬೆಳಕಿನಲ್ಲಿ ಹವಳದ ಕೆಂಪು ಬಣ್ಣಕ್ಕೆ ಹೊಳೆಯುತ್ತದಂತೆ. ನನ್ನದು ಹೊಳೆಯಲಿಲ್ಲ.

ಎಚ್‌ಐವಿ ಮತ್ತು ಸಿಫಿಲಿಸ್ ರಕ್ತ ಪರೀಕ್ಷೆಗೂ ಬರೆದರು. ಚೀಟಿಯ ಮೇಲೆ ಅದನ್ನು ಓದಿದಾಗ ಕೈ ನಡುಗಿತು. ಇದು ಸಂಶಯದಿಂದ ಅಲ್ಲ, ಗುಪ್ತಾಂಗದ ಚರ್ಮ ಕೆಂಪಾದಾಗ ಕೇಳುವ ವಾಡಿಕೆ, ಎಚ್‌ಐವಿ ಇದ್ದರೆ ಸೋರಿಯಾಸಿಸ್ ಜೋರಾಗುವುದೂ ಉಂಟು ಅಂತ ವಿವರಿಸಿದರು. 2017ರ ಕಾಯ್ದೆಯ ಪ್ರಕಾರ ನಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಅಂತ ಇರುವ ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರದಲ್ಲಿ ಅದಕ್ಕೆ ದುಡ್ಡಿಲ್ಲ, ಮೊದಲು ಕೂರಿಸಿ ಮಾತಾಡುತ್ತಾರೆ. ಮಾಡಿಸಿದೆ. ಎರಡೂ ಇಲ್ಲ ಅಂತ ಬಂತು. ನನ್ನ ಪಾಲಿಗೆ ಆ ಕಾಗದ ಇವರ ಜೊತೆ ಮಾತು ಶುರುಮಾಡಲು ಸಿಕ್ಕ ನೆಪವೂ ಆಯಿತು.

ಆ ಎರಡು ವಾರ ನನ್ನ ಬದುಕಿನ ಕೆಟ್ಟ ದಿನಗಳು. ಭಾರೀ ಸ್ಟಿರಾಯ್ಡ್ ಒಮ್ಮೆಲೇ ಬಿಟ್ಟರೆ ಚರ್ಮ ತಿರುಗಿ ಬೀಳುತ್ತದೆ. ಕೆಂಪು ಇಮ್ಮಡಿ, ನಡೆದರೂ ಉರಿ. ಬರೀ ಬಿಳಿ ವ್ಯಾಸಲಿನ್, ತಣ್ಣೀರಿನ ಬಟ್ಟೆ. ಕಪಾಟಿನಲ್ಲಿದ್ದ ಉಳಿದ ಟ್ಯೂಬು ರಾತ್ರಿ ಕರೆಯುತ್ತಿತ್ತು. ಇವರಿಗೆ ಕೊಟ್ಟು, ಎಸೆದುಬಿಡಿ ಅಂದೆ. ಸೊಸೈಟಿಗೆ ರಜೆ ಹಾಕಿದೆ, ಜ್ವರ ಅಂತ.

ಮತ್ತೆ ಹೋದಾಗ ಹೆಸರು ಸಿಕ್ಕಿತು. ಮತ್ತೆ ಕೆರೆದು ನೋಡಿದಾಗಲೂ ಫಂಗಸ್ ಇಲ್ಲ, ಅಂಚು ಸ್ಪಷ್ಟ, ಉಗುರು, ಕಿವಿ, ಮನೆತನ ಎಲ್ಲ ಸೇರಿ ಗುಪ್ತಾಂಗದ ಸೋರಿಯಾಸಿಸ್. ಚರ್ಮದ ಚೂರು ತೆಗೆದು ನೋಡುವ ಬಯಾಪ್ಸಿ ನನಗೆ ಬೇಡ ಅಂದರು. ಅತ್ತುಬಿಟ್ಟೆ ಅಲ್ಲೇ. ಜೀವನಪರ್ಯಂತ ಬಂದು ಹೋಗಿ ಮಾಡುವ ಕಾಯಿಲೆ ಅಂತ ಹೇಳಿದ ಮೇಲೂ ಸಮಾಧಾನದಿಂದಲೇ ಅತ್ತದ್ದು.

ಮದ್ದಿನ ಕ್ರಮ ಹೀಗಿತ್ತು. ಮೊದಲು ಸೌಮ್ಯವಾದ ಸ್ಟಿರಾಯ್ಡ್ ಮುಲಾಮು, ಎರಡು ವಾರ ಮಾತ್ರ. ಸ್ಟಿರಾಯ್ಡ್ ಅಂದರೇ ವಿಷ ಅಂತ ನಾನು ಹೆದರಿದ್ದೆ. ಹಾಗಲ್ಲವಂತೆ. ಎಷ್ಟು ಬಲದ್ದು, ಎಷ್ಟು ದಿನ, ಯಾರು ನೋಡಿ ಕೊಟ್ಟರು ಅನ್ನುವುದು ಮುಖ್ಯ. ಗುಪ್ತಾಂಗದ ಚರ್ಮ ತೆಳು. ಗಂಡಸರ ವೃಷಣ ಚೀಲದ ಚರ್ಮ ಮುಂಗೈಗಿಂತ ಸುಮಾರು 40 ಪಟ್ಟು ಹೆಚ್ಚು ಮದ್ದು ಹೀರುತ್ತದೆ ಅಂತ ಅವರು ಹೇಳಿದ್ದು ಕೇಳಿ ಮೂರೂ ಮದ್ದು ಒಂದರಲ್ಲೇ ಇದ್ದ ಆ ಟ್ಯೂಬು ನೆನಪಾಗಿ ಮೈ ಜುಂ ಅಂದಿತು. ಅಂಥದ್ದನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದ ಹಾಗೆ ತೆಳ್ಳಗಾಗುತ್ತದೆ, ತೊಡೆಯಲ್ಲಿ ಬಸುರಿಯ ಗೆರೆಗಳಂಥ ಗೆರೆ ಬೀಳುತ್ತದೆ. ಆ ಗೆರೆ ಹೋಗುವುದಿಲ್ಲ. ನನಗೆ ಎರಡು ಬಿದ್ದಿವೆ.

ಸ್ಟಿರಾಯ್ಡ್ ಮುಗಿದ ಮೇಲೆ ಟ್ಯಾಕ್ರೋಲಿಮಸ್ ಮುಲಾಮು. ಇದರಲ್ಲಿ ಸ್ಟಿರಾಯ್ಡ್ ಇಲ್ಲ, ಚರ್ಮ ತೆಳ್ಳಗಾಗುವುದಿಲ್ಲ. ದೊಡ್ಡವರಿಗೆ 0.1 ಶೇಕಡಾದ್ದು, ಎರಡರಿಂದ ಹದಿನೈದು ವರ್ಷದ ಮಕ್ಕಳಿಗೆ 0.03ರದ್ದು. ಸಣ್ಣ ಟ್ಯೂಬಿಗೇ ಮುನ್ನೂರು ಚಿಲ್ಲರೆ ಕೊಟ್ಟೆ. ಡಬ್ಬಿಯೊಳಗಿನ ಕಾಗದ ಓದಿ ಎರಡು ಕಾರಣಕ್ಕೆ ಗಾಬರಿಯಾಯಿತು. ಒಂದು, ಅದರಲ್ಲಿ ಇಸುಬಿಗೆ ಅಂತ ಇತ್ತು, ಸೋರಿಯಾಸಿಸ್ ಹೆಸರೇ ಇಲ್ಲ. ಎರಡು, ಕ್ಯಾನ್ಸರ್ ಎಚ್ಚರಿಕೆ. ಫೋನ್ ಮಾಡಿ ಕೇಳಿದೆ. ಇಸುಬಿಗೆ ಬಂದ ಮದ್ದಾದರೂ ಮುಖ, ಸಂದಿ, ಗುಪ್ತಾಂಗದ ಸೋರಿಯಾಸಿಸ್‌ಗೆ ಚರ್ಮದ ಡಾಕ್ಟರುಗಳು ವರ್ಷಗಳಿಂದ ಕೊಡುತ್ತಿದ್ದಾರೆ, ಹಚ್ಚುವುದರಿಂದ ಕ್ಯಾನ್ಸರ್ ಬರುತ್ತದೆ ಅಂತ ಸಾಬೀತಾಗಿಲ್ಲ, ತೆಳ್ಳಗೆ ಹಚ್ಚಿ ಅಂದರು. ಮೊದಲ ಕೆಲವು ದಿನ ಇದು ಉರಿಯುತ್ತದೆ, ಅದನ್ನು ಯಾರಾದರೂ ಮೊದಲೇ ಹೇಳಬೇಕು. ಟ್ಯೂಬನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ತಂಪು ಮಾಡಿ, ಸ್ನಾನವಾದ ಕೂಡಲೇ ಅಲ್ಲದೆ ಚರ್ಮ ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ತಡೆಯುವಷ್ಟಾಗುತ್ತದೆ. ವಾರದೊಳಗೆ ಉರಿ ನಿಂತಿತು. ವಿಟಮಿನ್ ಡಿ ಜಾತಿಯ ಮುಲಾಮುಗಳೂ ಇವೆ, ಆದರೆ ಅಲ್ಲಿ ಚುರುಗುಟ್ಟುವುದು ಜಾಸ್ತಿ. ಮೊಣಕೈಗೆ ಕೊಡುವ ಟಾರ್ ಎಣ್ಣೆಯನ್ನು ಅಪ್ಪಿತಪ್ಪಿಯೂ ಸಂದಿಗೆ ಹಚ್ಚಬೇಡಿ.

ಮದ್ದಿಗಿಂತ ಕಷ್ಟದ್ದು ದಿನಚರಿ. ಈ ಕಾಯಿಲೆಗೆ ತಿಕ್ಕಾಟ ಆಗದು, ಚರ್ಮ ಉಜ್ಜಿದ ಕಡೆಯೇ ಹೊಸ ಪಟ್ಟೆ ಏಳುತ್ತದೆ. ಬಿಗಿ ಚಡ್ಡಿ, ಕೂದಲು ಬೋಳಿಸುವುದು, ಸೋಪು, ಟಿವಿಯಲ್ಲಿ ತೋರಿಸುವ ಆ ಜಾಗದ ವಾಷ್ ಎಲ್ಲ ಬಿಟ್ಟೆ. ಹತ್ತಿ ಬಟ್ಟೆಯೇ ಬೇಕು, ಅದೂ ಪೂರ್ತಿ ಒಣಗಿದ್ದು. ಜುಲೈಯಲ್ಲಿ ಹತ್ತಿ ಬಟ್ಟೆ ಒಣಗಿಸುವುದು ಹೇಗೆ ಅಂತ ಡಾಕ್ಟರು ಹೇಳಲಿಲ್ಲ. ನಾವು ಬಚ್ಚಲ ಒಲೆಯ ಹತ್ತಿರ ಹಗ್ಗ ಕಟ್ಟಿದೆವು. ಮುಟ್ಟಿನ ದಿನಗಳಲ್ಲಿ ಪ್ಲಾಸ್ಟಿಕ್ ಪ್ಯಾಡು ಉರಿ ಎಬ್ಬಿಸುತ್ತದೆ, ಬೇಗ ಬೇಗ ಬದಲಿಸಿ, ಮೊದಲು ತೆಳ್ಳಗೆ ವ್ಯಾಸಲಿನ್ ಹಚ್ಚಿ.

ಇವರ ಜೊತೆ ಕೊನೆಗೂ ಮಾತಾಡಿದೆ. ರಿಪೋರ್ಟು, ಚೀಟಿ ಎಲ್ಲ ಮುಂದಿಟ್ಟೆ. ಓದಿ ಮುಗಿಸಿ, "ನಾನು ಮಾಡಿದ್ದೇನೋ ಅಂತ ಇಷ್ಟು ದಿನ ಲೆಕ್ಕ ಹಾಕ್ತಾ ಇದ್ದೆ" ಅಂದರು. ಏನೂ ಮಾಡದವರು ಯಾಕೆ ಲೆಕ್ಕ ಹಾಕಬೇಕು ಅಂತ ಸಿಟ್ಟೂ ಬಂತು, ನಗುವೂ ಬಂತು. ಕೂಡುವ ವಿಷಯದಲ್ಲಿ ಡಾಕ್ಟರು ನೇರವಾಗಿಯೇ ಹೇಳಿದ್ದರು. ಕೆಂಪು ಜೋರಿರುವಾಗ ಬೇಡ. ಕಮ್ಮಿ ಇರುವಾಗ ಜಾರುವ ಜೆಲ್ ಬಳಸಿ, ಮದ್ದು ಹಚ್ಚಿದ್ದರೆ ಮೊದಲು ತೊಳೆಯಿರಿ, ಆಮೇಲೆ ಮತ್ತೆ ತೊಳೆದು ಮದ್ದು ಹಚ್ಚಿ. ವ್ಯಾಸಲಿನ್, ಎಣ್ಣೆ, ಜಿಡ್ಡಿನ ಮುಲಾಮು ತಾಗಿದರೆ ರಬ್ಬರಿನ ಕಾಂಡೋಮ್ ಹರಿಯುತ್ತದೆ. ಇದನ್ನು ಕೇಳಲು ನಾಚಿ ಎಷ್ಟು ಮಂದಿ ಸುಮ್ನೆ ಎದ್ದು ಬರುತ್ತಾರೋ.

ಆ ಹೊತ್ತಿಗೆ ತಮ್ಮನ ಹೆಂಡತಿಯ ಫೋನ್ ಬಂತು. ಪಾಪುವಿಗೆ ಡಯಾಪರ್ ಹಾಕುವ ಜಾಗ ಕೆಂಪಾಗಿ ವಾರಗಳಾದವು, ಪೌಡರು, ಕ್ರೀಮು ಯಾವುದಕ್ಕೂ ಬಗ್ಗುತ್ತಿಲ್ಲ ಅಂತ. "ಸಂದಿಯ ಒಳಗೂ ಇದೆಯಾ?" ಅಂತ ಕೇಳಿದೆ. ನಮ್ಮ ಡಾಕ್ಟರಿಂದ ಕಲಿತ ಪ್ರಶ್ನೆ. ಮೂತ್ರದ ಒದ್ದೆಗೆ ಬರುವ ಮಾಮೂಲಿ ಕೆಂಪು ಉಬ್ಬಿದ ಕಡೆ ಬರುತ್ತದೆ, ಮಡಿಕೆಯ ಒಳಗೆ ಬಿಟ್ಟಿರುತ್ತದೆ. ಸೋರಿಯಾಸಿಸ್ ಥರದ್ದು ಮಡಿಕೆಯೊಳಗೂ ಹೋಗುತ್ತದೆ, ಅಂಚು ಸ್ಪಷ್ಟ ಇರುತ್ತದೆ. ಫಂಗಸ್ ಕೂಡ ಮಡಿಕೆಗೆ ಹೋಗುವುದರಿಂದ ಮನೆಯಲ್ಲೇ ತೀರ್ಮಾನ ಮಾಡುವ ಹಾಗಿಲ್ಲ. ಮಗುವನ್ನು ಮೊದಲು ಮಕ್ಕಳ ಡಾಕ್ಟರು, ಆಮೇಲೆ ಚರ್ಮದವರು ನೋಡಿದರು. ನನ್ನ ಕಾಯಿಲೆ, ಅಪ್ಪಯ್ಯನ ತಲೆ ಹೊಟ್ಟು, ಉಗುರಿನ ವಿಷಯ ಹೇಳಲು ಮೊದಲೇ ತಾಕೀತು ಮಾಡಿದ್ದೆ. ಮಗುವಿನ ಹೊಕ್ಕುಳಿನಲ್ಲೂ ತಲೆಯಲ್ಲೂ ಒಂದೊಂದು ಪಟ್ಟೆ ಸಿಕ್ಕಿತು. ಸೋರಿಯಾಸಿಸ್ ಇರಬಹುದು, ದೊಡ್ಡವನಾದ ಮೇಲೆ ಉಳಿಯುತ್ತದೋ ಬಿಡುತ್ತದೋ ಈಗಲೇ ಹೇಳಲಾಗದು ಅಂದರಂತೆ.

ಮಗುವಿಗೆ ಮದ್ದು ಬಹಳ ಕಮ್ಮಿ. ಒಂದು ಶೇಕಡಾದ ಹೈಡ್ರೋಕಾರ್ಟಿಸೋನ್, ಕೆಲವೇ ದಿನ. ಮೇಲಿಂದ ಸತು ಇರುವ ಬಿಳಿ ಮುಲಾಮು. ಡಯಾಪರ್ ಬಿಚ್ಚಿ ಆದಷ್ಟು ಹೊತ್ತು ಗಾಳಿಗೆ. ಡಯಾಪರ್ ಮುಚ್ಚಿದ ಕೆಳಗೆ ಭಾರೀ ಸ್ಟಿರಾಯ್ಡ್ ಹಚ್ಚಿದರೆ ಅದು ಮೈಗೇ ಸೇರುತ್ತದೆ, ಮಗುವಿನ ಬೆಳವಣಿಗೆಗೂ ಪೆಟ್ಟು. ಹಾಗಾಗಿ ಅಜ್ಜನ ಟ್ಯೂಬು ಮೊಮ್ಮಗನಿಗೆ ಹಚ್ಚುವ ನಮ್ಮ ಮನೆಗಳ ಪದ್ಧತಿ ನಿಲ್ಲಬೇಕು. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಇನ್ನೊಂದು ಇದೆ ಅಂತ ಡಾಕ್ಟರು ಹೇಳಿದ್ದರು. ಗುದದ ಸುತ್ತ ಕೆಂಪು ಉಂಗುರದ ಹಾಗೆ ಬಂದು, ಕಕ್ಕ ಮಾಡುವಾಗ ಮಗು ಅತ್ತರೆ ಅದು ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಸೋಂಕೂ ಆಗಿರಬಹುದು. ಅದಕ್ಕೆ ಬೇಕಾದ್ದು ಆ್ಯಂಟಿಬಯಾಟಿಕ್. ಅದೇ ಬ್ಯಾಕ್ಟೀರಿಯಾದಿಂದ ಗಂಟಲು ನೋವಾದ ಮೇಲೆ ಮಕ್ಕಳಿಗೆ ಸೋರಿಯಾಸಿಸ್ ಶುರುವಾಗುವುದೂ ಉಂಟು.

ಅಪ್ಪಯ್ಯನ ವಿಷಯ ಎಲ್ಲಕ್ಕಿಂತ ತಡವಾಗಿ ಬಯಲಾಯಿತು. ಮಗುವಿನ ಕಥೆ ಮನೆಯಲ್ಲಿ ನಡೆಯುತ್ತಿದ್ದಾಗ ಆಯಿಯ ಹತ್ತಿರ ಬಾಯಿಬಿಟ್ಟರಂತೆ. ಶಿಶ್ನದ ತುದಿಯಲ್ಲಿ ಒಂದೇ ಒಂದು ಕೆಂಪು ಪಟ್ಟೆ, ವರ್ಷದಿಂದ ಇದೆ. ತೋಟದ ಕೆಲಸ, ಒದ್ದೆ ಪಂಚೆ, ಅದಕ್ಕೇ ಅಂತ ಬಿಟ್ಟಿದ್ದರು. ನನಗೆ ಹೇಳಲಿಲ್ಲ, ತಮ್ಮನಿಗೂ ಹೇಳಲಿಲ್ಲ. ತಮ್ಮ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅಡಿಕೆ ರೇಟು ಬಿಟ್ಟು ಬೇರೆ ಮಾತಿಲ್ಲ.

ಹುಬ್ಬಳ್ಳಿಯ ಡಾಕ್ಟರು ನೋಡಿದ ಕೂಡಲೇ ಬಯಾಪ್ಸಿ ಅಂದರು. ಸೋರಿಯಾಸಿಸ್ ಅಂತಲೇ ಅನಿಸುತ್ತದೆ, ಆದರೆ ವಯಸ್ಸಾದವರಲ್ಲಿ ಆ ಜಾಗದಲ್ಲಿ ಒಂದೇ ಪಟ್ಟೆ ಬಹಳ ದಿನ ಉಳಿದರೆ ಕ್ಯಾನ್ಸರಿನ ಮೊದಲ ಹಂತವೂ ಹಾಗೇ ಕಾಣುತ್ತದೆ, ತುಂಡು ತೆಗೆದು ನೋಡದೆ ಬಿಡುವ ಹಾಗಿಲ್ಲ ಅಂತ. ವಯಸ್ಸಾದ ಹೆಂಗಸರಲ್ಲಿ ಬಿಳಿಚಿಕೊಂಡು ಚರ್ಮ ಕುಗ್ಗುವ ಲೈಕೆನ್ ಸ್ಕ್ಲೆರೋಸಸ್ ಅಂತ ಬೇರೆ ಒಂದಿದೆ, ಅದಕ್ಕೆ ಮದ್ದಿನ ಲೆಕ್ಕವೇ ಬೇರೆ. ಸೋರಿಯಾಸಿಸ್‌ನಲ್ಲಿ ಚರ್ಮ ಹಾಗೆ ಕುಗ್ಗುವುದಿಲ್ಲ, ಕಲೆ ಕಟ್ಟುವುದಿಲ್ಲ.

ಬಯಾಪ್ಸಿಗೆ ಮೊದಲು ಸಹಿ ಹಾಕುವ ಕಾಗದ, ಸಕ್ಕರೆ ಪರೀಕ್ಷೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರಾ ಎನ್ನುವ ವಿಚಾರಣೆ. ಮರಗಟ್ಟಿಸುವ ಇಂಜೆಕ್ಷನ್ನಿನದ್ದೇ ನೋವು, ಆಮೇಲೆ ಗೊತ್ತಾಗಲಿಲ್ಲ ಅಂದರು ಅಪ್ಪಯ್ಯ. ತೆಗೆಯುವುದು ಮೂರು ನಾಲ್ಕು ಮಿಲಿಮೀಟರಿನ ಚೂರು. ರಿಪೋರ್ಟಿಗೆ ಕಾದ ದಿನಗಳಲ್ಲಿ ಅವರು ತೋಟದಿಂದ ಮನೆಗೆ ಬರುವುದೇ ಕಮ್ಮಿಯಾಯಿತು. ಆಯಿ ಮೂಕಿ. ತಮ್ಮ ರಿಪೋರ್ಟಿನ ಫೋಟೋ ಕಳಿಸಿದ. ಅರ್ಥವಾಗದ ಇಂಗ್ಲಿಷಿನ ನಡುವೆ ಕ್ಯಾನ್ಸರ್ ಕಣ ಇಲ್ಲ ಅನ್ನುವ ಸಾಲು ಇತ್ತು. ಅದನ್ನೇ ಎಷ್ಟು ಸಲ ಓದಿದೆನೋ.

ಅಲ್ಲಿಗೆ ಮುಗಿಯಲಿಲ್ಲ. ಡಾಕ್ಟರು ಅವರ ಕೈ ನೋಡಿದ್ದರು. ಒಂದು ಬೆರಳು ಬುಡದಿಂದ ತುದಿಯ ತನಕ ಊದಿತ್ತು. ವಯಸ್ಸಿನ ಗಂಟುನೋವು ಅಂತ ನಾವು ಬಿಟ್ಟದ್ದು ಸೋರಿಯಾಸಿಸ್‌ನ ಸಂಧಿವಾತವಂತೆ. ಬಿಪಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ಬೀಟಾ ಬ್ಲಾಕರ್ ಜಾತಿಯದ್ದು, ಅದು ಸೋರಿಯಾಸಿಸ್ ಕೆರಳಿಸಬಹುದು. ಅದನ್ನು ನಾವಾಗಿ ನಿಲ್ಲಿಸಲಿಲ್ಲ, ನಿಲ್ಲಿಸಲೂಬಾರದು. ಬಿಪಿ ಡಾಕ್ಟರೇ ಬದಲಿಸಿಕೊಟ್ಟರು. ಗಂಟಿನ ಸಲುವಾಗಿ ಮೆಥೊಟ್ರೆಕ್ಸೇಟ್ ಮಾತ್ರೆ ಶುರುಮಾಡಿದರು.

ಈ ಮಾತ್ರೆಯ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಇದು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವ ಮಾತ್ರೆ. ದಿನಾ ನುಂಗಿದರೆ ರಕ್ತದ ಕಣಗಳು ಕುಸಿದು ಪ್ರಾಣಕ್ಕೇ ಅಪಾಯ. ವಯಸ್ಸಾದವರು ಬಿಪಿ ಮಾತ್ರೆಯ ಜೊತೆ ಇದನ್ನೂ ದಿನಾ ನುಂಗಿದ ಪ್ರಕರಣಗಳು ಆಗಿವೆ. ನಮ್ಮಲ್ಲಿ ಗುರುವಾರ ಅಂತ ಗೊತ್ತುಮಾಡಿ, ಕ್ಯಾಲೆಂಡರಿನ ಪ್ರತಿ ಗುರುವಾರಕ್ಕೆ ಕೆಂಪು ಸುತ್ತು ಹಾಕಿದೆವು. ಮಾತ್ರೆ ತಮ್ಮನ ಕಪಾಟಿನಲ್ಲಿ. ಅಪ್ಪಯ್ಯನ ಡಬ್ಬಿಯಲ್ಲಿ ಇಡುವುದೇ ಇಲ್ಲ. ಬೇರೆ ದಿನ ಫೋಲಿಕ್ ಆಸಿಡ್. ರಕ್ತ, ಲಿವರ್, ಕಿಡ್ನಿ ಪರೀಕ್ಷೆ ಮೊದಮೊದಲು ಬೇಗ ಬೇಗ, ಆಮೇಲೆ ಅಂತರ ಬಿಟ್ಟು. ಹೆಂಡ ಮುಟ್ಟಬಾರದು, ನೋವಿನ ಮಾತ್ರೆಯನ್ನು ಕೇಳದೆ ನುಂಗಬಾರದು. ಬಾಯಿಹುಣ್ಣು ಅಥವಾ ಜ್ವರ ಬಂದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಬಸುರಾಗುವ ಯೋಚನೆ ಇರುವವರಿಗೆ ಈ ಮದ್ದು ಕೊಡುವುದೇ ಇಲ್ಲ.

ಇದಕ್ಕೂ ಬಗ್ಗದವರಿಗೆ ಅಪ್ರೆಮಿಲಾಸ್ಟ್ ಮಾತ್ರೆ ಇದೆ, ಇಂಜೆಕ್ಷನ್‌ಗಳೂ ಇವೆ. ಇಕ್ಸೆಕಿಜುಮ್ಯಾಬ್ ಎನ್ನುವುದನ್ನು ಗುಪ್ತಾಂಗದ ಸೋರಿಯಾಸಿಸ್ ಇರುವವರಲ್ಲೇ ಪ್ರಯೋಗ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ, ಒಳ್ಳೆಯ ಗುಣ ಕಂಡಿದೆ. ಆದರೆ ಇಂಥವು ದುಬಾರಿ, ಶುರುಮಾಡುವ ಮೊದಲು ಟಿಬಿ, ಹೆಪಟೈಟಿಸ್ ಪರೀಕ್ಷೆ ಬೇಕು. ನಮಗೆ ಅಲ್ಲಿಯ ತನಕ ಹೋಗುವ ಪ್ರಸಂಗ ಬರಲಿಲ್ಲ.

ಖರ್ಚಿನ ಮಾತು. ನನ್ನದರಲ್ಲಿ ದುಡ್ಡು ಹೋದದ್ದು ಟ್ಯಾಕ್ರೋಲಿಮಸ್ ಟ್ಯೂಬಿಗೆ, ಅದಕ್ಕಿಂತ ಹೆಚ್ಚು ಸರಿಯಾದ ಹೆಸರು ಸಿಗುವ ಮೊದಲಿನ ಮದ್ದುಗಳಿಗೆ. ಸರ್ಕಾರಿ ಆಸ್ಪತ್ರೆಯ ಚೀಟಿ, ಕೆರೆದು ನೋಡುವ ಪರೀಕ್ಷೆ ಇವೆಲ್ಲ ಚಿಲ್ಲರೆ ಕಾಸು. ಅಪ್ಪಯ್ಯನದ್ದು ಖಾಸಗಿ, ಬಯಾಪ್ಸಿ ಮತ್ತು ಅದನ್ನು ಓದುವ ಲ್ಯಾಬು ಸೇರಿ ಕೆಲವು ಸಾವಿರ. ಆಯುಷ್ಮಾನ್ ಕಾರ್ಡು ಇದೆ ಅಂತ ಹೋದರೆ, ಅಡ್ಮಿಟ್ ಆಗದೆ ಹೊರಗಿನಿಂದ ತೋರಿಸಿಕೊಂಡು ಬರುವುದಕ್ಕೆ ಅದು ನಡೆಯಲಿಲ್ಲ. ಮೆಥೊಟ್ರೆಕ್ಸೇಟ್ ಮಾತ್ರೆ ಅಗ್ಗ, ಆದರೆ ಅದರ ರಕ್ತ ಪರೀಕ್ಷೆಗಳ ಲೆಕ್ಕ ಮೊದಲೇ ಹಾಕಿಡಿ.

ಈಗ ಪಾಪುವಿನ ಚರ್ಮ ತಿಳಿಯಾಗಿದೆ. ಅಪ್ಪಯ್ಯನ ಪಟ್ಟೆ ಮಸುಕಾಗಿದೆ, ಬೆರಳು ಮಡಚಲು ಬರುತ್ತದೆ, ಅಡ್ಕತ್ರಿ ಹಿಡಿಯುತ್ತಾರೆ. ನನಗೆ ವಾರಕ್ಕೆ ಎರಡು ದಿನ ಟ್ಯಾಕ್ರೋಲಿಮಸ್ ಸಾಕಾಗಿದೆ. ಕೆಂಪು ಒಂಚೂರೂ ಇಲ್ಲದಿದ್ದರೂ ಹಚ್ಚುವುದು, ತಿರುಗಿ ಬರದಿರಲಿ ಅಂತ. ಮುಂದಿನ ತೋರಿಸುವಿಕೆಯನ್ನು ಮೇ ಕೊನೆಗೆ ಇಟ್ಟುಕೊಂಡಿದ್ದೇನೆ. ಮಳೆ ಹಿಡಿದ ಮೇಲೆ ಕಾರವಾರದ ದಾರಿಯನ್ನು ನಂಬುವ ಹಾಗಿಲ್ಲ, 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಎಷ್ಟು ದಿನ ಬಂದ್ ಆಗಿತ್ತು ನೋಡಿದ್ದೇವಲ್ಲ. ಮಳೆಗಾಲಕ್ಕೆ ಬೇಕಾದ ಎರಡು ಟ್ಯೂಬನ್ನು ಅದಕ್ಕೂ ಮೊದಲೇ ಬರೆಸಿಕೊಂಡು ತಂದಿಡುತ್ತೇನೆ.